ಬೆವರಿನ ಲೆಕ್ಕಪತ್ರ



ಆರೋಗ್ಯ ಗೋಷ್ಠಿಯ ದಿಕ್ಸೂಚಿ ಭಾಷಣಕ್ಕೆ ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ನಿಲ್ಲಿಸಿದ್ದೇಕೆ ಎಂದು ಸಭೆಯಲ್ಲಿರುವ ಡಾಕ್ಟರುಗಳು ಕೇಳಬಹುದು. ಕಾರಣ ಇಷ್ಟೇ. ಈ ಯು.ಎ.ಇ.ಯಲ್ಲಿ ಬಹಳ ವರ್ಷಗಳಿಂದ ನಾನು ಗುತ್ತಿಗೆ ಕಂಪನಿಗಳ ಲೆಕ್ಕ ನೋಡುತ್ತಿದ್ದೇನೆ. ಪೇರೋಲ್ ಹಾಳೆಯಲ್ಲಿ ಸಿಕ್ ಲೀವ್ ಎಂಬ ಒಂದು ಅಂಕಣವಿರುತ್ತದೆ. ಜೂನ್, ಜುಲೈ ತಿಂಗಳ ಹಾಳೆ ತೆರೆದರೆ ಆ ಅಂಕಣದಲ್ಲಿ ಹಳಬರಿಗಿಂತ ಹೊಸಬರ ಹೆಸರೇ ಹೆಚ್ಚಾಗಿ ಕಾಣುತ್ತದೆ. ಬಂದು ಮೂರು ದಿನವಾಗಿರುತ್ತದೆ, ನಾಲ್ಕು ದಿನವಾಗಿರುತ್ತದೆ. ಕಾರಣದ ಜಾಗದಲ್ಲಿ ಜ್ವರ, ವಾಂತಿ, ಸ್ನಾಯು ಸೆಳೆತ ಎಂದು ಬರೆದಿರುತ್ತಾರೆ. ಒಂದೇ ಊಟ, ಒಂದೇ ಕ್ಯಾಂಪು, ಒಂದೇ ಬಿಸಿಲು. ಹಳಬನಿಗೆ ಇಲ್ಲದ್ದು ಹೊಸಬನಿಗೆ ಯಾಕೆ? ಅಂಕಿ ಹೊಂದದಿದ್ದರೆ ನಮ್ಮ ವೃತ್ತಿಯವರಿಗೆ ನಿದ್ದೆ ಬರುವುದಿಲ್ಲ. ಓದುತ್ತಾ, ಡಾಕ್ಟರ್ ಮಿತ್ರರನ್ನು ಪೀಡಿಸುತ್ತಾ ಹೋದಾಗ ನಾನು ಬಂದು ಮುಟ್ಟಿದ್ದು ಬೆವರು ಗ್ರಂಥಿಗೆ.

ಮೊದಲು ಒಂದು ಪದದ ವಿಚಾರ. ರೋಮರಂಧ್ರದಿಂದ ಬೆವರು ಬರುತ್ತದೆ ಎಂದು ನಾವೆಲ್ಲ ರೂಢಿಯಲ್ಲಿ ಹೇಳುತ್ತೇವೆ. ಈಗ ನಿಮ್ಮ ಅಂಗೈ ನೋಡಿಕೊಳ್ಳಿ. ಅಲ್ಲಿ ಒಂದೂ ರೋಮವಿಲ್ಲ. ಆದರೂ ಸಂದರ್ಶನಕ್ಕೆ ಕುಳಿತಾಗ ಮೊದಲು ಒದ್ದೆಯಾಗುವುದು ಅದೇ ಅಂಗೈ. ನಮ್ಮನ್ನು ತಂಪು ಮಾಡುವ ಬೆವರಿಗೂ ರೋಮಕ್ಕೂ ಸಂಬಂಧವಿಲ್ಲ. ಅದಕ್ಕೆ ಅದರದೇ ಕೊಳವೆ, ಅದರದೇ ಬಾಯಿ ಇದೆ. ಈ ಗ್ರಂಥಿಯನ್ನು ಎಕ್ರೈನ್ ಎನ್ನುತ್ತಾರೆ. ರೋಮದ ಬುಡಕ್ಕೆ ತೆರೆದುಕೊಳ್ಳುವುದು ಇನ್ನೊಂದು ಜಾತಿ, ಅಪೊಕ್ರೈನ್. ಅದು ಮುಖ್ಯವಾಗಿ ಕಂಕುಳಲ್ಲಿ, ಗುಪ್ತಾಂಗಗಳ ಸುತ್ತ ಇರುತ್ತದೆ, ಪ್ರಾಯಕ್ಕೆ ಬರುವಾಗ ಕೆಲಸ ಶುರು ಮಾಡುತ್ತದೆ. ಅದರ ಸ್ರಾವಕ್ಕೆ ಹೊರಬರುವಾಗ ವಾಸನೆ ಇರುವುದಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಡಿಯೋಡರಂಟಿನ ವ್ಯಾಪಾರವೆಲ್ಲ ನಡೆಯುವುದು ಇದರ ಮೇಲೆ, ಊದ್ ಮತ್ತು ಅತ್ತರಿನ ವ್ಯಾಪಾರವೂ ಸ್ವಲ್ಪ ಮಟ್ಟಿಗೆ. ಇವತ್ತಿನ ನನ್ನ ವಿಷಯ ಅದಲ್ಲ.

ಎಕ್ರೈನ್ ಗ್ರಂಥಿಗಳು ನಮ್ಮ ಮೈಮೇಲೆ ಸುಮಾರು 20ರಿಂದ 40 ಲಕ್ಷ ಇವೆ. ಎಲ್ಲವನ್ನೂ ಕಿತ್ತು ತಕ್ಕಡಿಗೆ ಹಾಕಿದರೆ ಹತ್ತಿರ ಹತ್ತಿರ 100 ಗ್ರಾಂ. ತಾಯಿಯ ಗರ್ಭದಲ್ಲಿರುವಾಗಲೇ ಇವು ಪೂರ್ತಿ ತಯಾರಾಗಿರುತ್ತವೆ. ಹುಟ್ಟಿದ ಮೇಲೆ ಹೊಸದಾಗಿ ಒಂದೂ ಸೇರುವುದಿಲ್ಲ. ಅಂಗೈ, ಅಂಗಾಲುಗಳಲ್ಲಿ ದಟ್ಟಣೆ ಎಲ್ಲಕ್ಕಿಂತ ಹೆಚ್ಚು, ಬೆನ್ನಿನಲ್ಲಿ ತೀರಾ ಕಡಿಮೆ. ಆದರೂ ಬಿಸಿಲಲ್ಲಿ ಅಂಗಿ ಮೊದಲು ಒದ್ದೆಯಾಗುವುದು ಅಲ್ಲೇ. ಅಂಗೈಯ ಗ್ರಂಥಿಗಳು ಬಿಸಿಗಿಂತ ಹೆಚ್ಚಾಗಿ ಮನಸ್ಸಿನ ಉದ್ವೇಗದ ಮಾತು ಕೇಳುತ್ತವೆ. ಬೆರಳ ತುದಿಯ ಗೆರೆಗಳ ಏಣಿನ ಮೇಲೆ ಸಾಲಾಗಿ ಇವುಗಳ ಬಾಯಿಗಳಿವೆ. ಗಾಜಿನ ಲೋಟದ ಮೇಲೆ ನಿಮ್ಮ ಬೆರಳಚ್ಚು ಉಳಿಯುವುದರಲ್ಲಿ ಇವುಗಳ ಪಾಲೂ ಇದೆ.

ಇನ್ನು ರಚನೆ. ಒಂದು ಗ್ರಂಥಿಯೆಂದರೆ ಒಂದೇ ಒಂದು ಸಪೂರ ಕೊಳವೆ. ಅದರ ಕೆಳಗಿನ ತುದಿ ಮುಚ್ಚಿದ್ದು. ಆ ತುದಿ ಚರ್ಮದ ಆಳದಲ್ಲಿ, ಕೊಬ್ಬಿನ ಪದರ ಶುರುವಾಗುವ ಕಡೆ, ನೂಲಿನ ಉಂಡೆಯ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಅಲ್ಲಿಂದ ಕೊಳವೆ ನೇರವಾಗಿ ಮೇಲಕ್ಕೆ ಹತ್ತಿ, ಚರ್ಮದ ಹೊರಪದರವನ್ನು ಸ್ಕ್ರೂ ತಿರುಗಿದಂತೆ ಸುತ್ತುತ್ತಾ ದಾಟಿ, ಮೇಲೆ ಬಾಯಿ ತೆರೆಯುತ್ತದೆ. ಸುರುಳಿಯ ಸುತ್ತ ರಕ್ತದ ಸೂಕ್ಷ್ಮನಾಳಗಳ ಬಲೆ ಇದೆ, ಜೊತೆಗೆ ನರದ ಎಳೆಗಳು. ಸುರುಳಿಯ ಗೋಡೆಯಲ್ಲಿ ಮೂರು ಬಗೆಯ ಜೀವಕೋಶಗಳು: ನೀರು ಮತ್ತು ಉಪ್ಪನ್ನು ಒಳಗೆ ಸುರಿಯುವ ತಿಳಿ ಕೋಶಗಳು, ಕೆಲವು ಪ್ರೋಟೀನ್ ಸೇರಿಸುವ ಗಾಢ ಕೋಶಗಳು, ಮತ್ತು ಹೊರಗಿನಿಂದ ಅಪ್ಪಿಕೊಂಡು ಕೊಳವೆಗೆ ಆಧಾರ ಕೊಡುವ ಸ್ನಾಯುವಿನಂಥ ಕೋಶಗಳು.

ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್ ರಕ್ತದ ಉಷ್ಣತೆಯನ್ನು ಸದಾ ಅಳೆಯುತ್ತಿರುತ್ತದೆ, ಚರ್ಮದಿಂದಲೂ ಸುದ್ದಿ ತರಿಸಿಕೊಳ್ಳುತ್ತದೆ. ಬಿಸಿ ಏರಿದ ಕೂಡಲೇ ಬೆನ್ನುಹುರಿಯ ಮೂಲಕ ಆದೇಶ ಹೋಗುತ್ತದೆ, ಗ್ರಂಥಿಯ ಬಳಿ ನರದ ತುದಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಈ ರಾಸಾಯನಿಕವನ್ನು ತಡೆದರೆ ಬೆವರು ನಿಲ್ಲುತ್ತದೆ. ದತ್ತೂರದ ಬೀಜ ತಿಂದವರ ಮೈ ಒಣಗಿ ಕಾದ ಕಾವಲಿಯಂತಾಗುವುದು ಇದರಿಂದಲೇ. ಅದರಲ್ಲಿರುವ ಅಟ್ರೋಪಿನ್ ಜಾತಿಯ ವಿಷ ಆ ಆದೇಶವನ್ನು ಗ್ರಂಥಿಗೆ ತಲುಪಲು ಬಿಡುವುದಿಲ್ಲ. ದತ್ತೂರ ಇಲ್ಲಿ ಯಾರೂ ತಿನ್ನುವುದಿಲ್ಲ ಎನ್ನಬೇಡಿ. ನೆಗಡಿಗೆ, ತುರಿಕೆಗೆ ತೆಗೆದುಕೊಳ್ಳುವ ಕೆಲವು ಹಳೆಯ ತಲೆಮಾರಿನ, ನಿದ್ದೆ ಬರಿಸುವ ಮಾತ್ರೆಗಳಿಗೂ ಇದೇ ಗುಣ ಸ್ವಲ್ಪ ಇದೆ. ಊರಿನಿಂದ ತಂದ ಮಾತ್ರೆ ನುಂಗಿ ಸೈಟಿಗೆ ಹೋಗುವ ಹುಡುಗರು ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು.

ಈಗ ನನ್ನ ಮೆಚ್ಚಿನ ಭಾಗಕ್ಕೆ ಬರುತ್ತೇನೆ. ಸುರುಳಿಯಲ್ಲಿ ಮೊದಲು ತಯಾರಾಗುವ ಬೆವರು ನಾವು ಹೊರಗೆ ಕಾಣುವ ಬೆವರಲ್ಲ. ಅದರಲ್ಲಿ ಉಪ್ಪು ಹೆಚ್ಚುಕಡಿಮೆ ರಕ್ತದ ದ್ರವದಲ್ಲಿರುವಷ್ಟೇ ಇರುತ್ತದೆ. ಆಸ್ಪತ್ರೆಯಲ್ಲಿ ಏರಿಸುವ ಸಲೈನ್ ಬಾಟಲಿ ನೆನಪಿಸಿಕೊಳ್ಳಿ: ಲೀಟರಿಗೆ 9 ಗ್ರಾಂ ಉಪ್ಪು. ಹೆಚ್ಚುಕಡಿಮೆ ಅಷ್ಟು. ಅದನ್ನೇ ಹಾಗೆ ಹೊರಗೆ ಬಿಟ್ಟರೆ ದಿನಕ್ಕೆ ಎಂಟು ಲೀಟರ್ ಬೆವರುವ ಮನುಷ್ಯ 70 ಗ್ರಾಂ ಉಪ್ಪು ಕಳೆದುಕೊಂಡು ಬದುಕುವಂತಿಲ್ಲ. ಅದಕ್ಕೇ ಕೊಳವೆಯ ಮೇಲ್ಭಾಗಕ್ಕೆ ವಸೂಲಿ ಕೆಲಸ. ಬೆವರು ಮೇಲೇರುವ ದಾರಿಯಲ್ಲಿ ಅಲ್ಲಿಯ ಕೋಶಗಳು ಸೋಡಿಯಂ, ಕ್ಲೋರೈಡ್ ಎರಡನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತವೆ. ಆದರೆ ಆ ಗೋಡೆ ನೀರನ್ನು ಹಿಂದೆ ಬಿಡುವುದಿಲ್ಲ. ನೀರು ಹೊರಗೆ, ಉಪ್ಪಿನ ಬಹುಪಾಲು ಒಳಗೆ. ಇಂಥ ಅಚ್ಚುಕಟ್ಟಾದ ವಸೂಲಿಯನ್ನು ನಾನು ಯಾವ ಕಂಪನಿಯ ಕ್ರೆಡಿಟ್ ಕಂಟ್ರೋಲ್ ವಿಭಾಗದಲ್ಲೂ ನೋಡಿಲ್ಲ.

ಈ ವಸೂಲಿ ನಿಂತರೆ ಏನಾಗುತ್ತದೆ ಎಂಬುದು ಜಗತ್ತಿಗೆ ತಿಳಿದದ್ದು ಒಂದು ಕಾಯಿಲೆಯಿಂದ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಸೆಕೆ. ಬಳಲಿ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಮಕ್ಕಳು ಎದ್ದು ಕಂಡರು. ಆ ಮಕ್ಕಳ ಬೆವರಿನಲ್ಲಿ ಉಪ್ಪು ಅತಿಯಾಗಿದೆ ಎಂದು ಪಾಲ್ ಡಿ ಸಾಂಟಾಗ್ನೇಸೆ ಎಂಬ ವೈದ್ಯರು 1953ರಲ್ಲಿ ತೋರಿಸಿಕೊಟ್ಟರು. 1983ರಲ್ಲಿ ಪಾಲ್ ಕ್ವಿಂಟನ್ ಎಂಬ ವಿಜ್ಞಾನಿ ಕೊಳವೆಯ ಗೋಡೆ ಕ್ಲೋರೈಡನ್ನು ದಾಟಲು ಬಿಡುತ್ತಿಲ್ಲ, ದೋಷ ಅಲ್ಲಿದೆ ಎಂದು ಕಂಡುಹಿಡಿದರು. ಆ ಕಾಯಿಲೆ ಸ್ವತಃ ಅವರಿಗೇ ಇತ್ತು. ಇಂದಿಗೂ ಕಾಯಿಲೆಯನ್ನು ಖಚಿತಪಡಿಸುವುದು ಮಗುವಿನ ತೋಳಿನ ಮೇಲೆ ಸ್ವಲ್ಪ ಬೆವರು ಬರಿಸಿ, ಅದರ ಕ್ಲೋರೈಡ್ ಅಳೆದು. ಶ್ವಾಸಕೋಶದ ಕಾಯಿಲೆಯ ಗುಟ್ಟು ಚರ್ಮದ ಒಂದು ಕೊಳವೆಯಲ್ಲಿ ಸಿಕ್ಕಿತು ಎಂಬುದು ನನಗೆ ಇಂದಿಗೂ ಬೆರಗು.

ನಮ್ಮ ಕಥೆಗೆ ಬರೋಣ. ವಸೂಲಿಗೆ ಸಮಯ ಬೇಕು. ಬೆವರು ನಿಧಾನವಾಗಿ ಏರಿದರೆ ಉಪ್ಪು ಚೆನ್ನಾಗಿ ವಾಪಸಾಗುತ್ತದೆ, ರಭಸದಿಂದ ನುಗ್ಗಿದರೆ ಹೆಚ್ಚು ಉಪ್ಪು ಹೊರಗೆ ಹೋಗುತ್ತದೆ. ಸಂಜೆ ಬಸ್ಸಿನಿಂದ ಇಳಿಯುವವರ ಕಪ್ಪು ಅಂಗಿಯ ಬೆನ್ನಿನ ಮೇಲೆ ಬಿಳಿ ಗೆರೆಗಳನ್ನು ನೋಡಿದ್ದೀರಲ್ಲ, ಅದು ವಸೂಲಾಗದೆ ಉಳಿದ ಬಾಕಿ. ಬಿಸಿಗೆ ಒಗ್ಗದವನ ಬೆವರಿನಲ್ಲಿ ಲೀಟರಿಗೆ 3-4 ಗ್ರಾಂ ಉಪ್ಪು ಹೋಗಬಹುದು. ಅದೇ ವ್ಯಕ್ತಿ ಎರಡು ವಾರ ದಿನವೂ ಬಿಸಿಯಲ್ಲಿ ಮೈಮುರಿದು ದುಡಿದ ಮೇಲೆ ಅದು 1-2 ಗ್ರಾಮಿಗೆ ಇಳಿಯಬಹುದು. ಅಡ್ರಿನಲ್ ಗ್ರಂಥಿಯಿಂದ ಬರುವ ಆಲ್ಡೊಸ್ಟಿರೋನ್ ಎಂಬ ಹಾರ್ಮೋನು ಕೊಳವೆಯ ಕೋಶಗಳಿಗೆ ಸೋಡಿಯಂ ಬಿಗಿಯಾಗಿ ಹಿಡಿಯಲು ಹೇಳುತ್ತದೆ. ಅಷ್ಟೇ ಅಲ್ಲ. ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ರಕ್ತದ ದ್ರವಾಂಶ ಏರುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಇಳಿಯುತ್ತದೆ. ಇದಕ್ಕೆಲ್ಲ ಹಿಡಿಯುವುದು ಒಂದರಿಂದ ಎರಡು ವಾರ. ಹಳಬನಿಗೂ ಹೊಸಬನಿಗೂ ಇರುವ ವ್ಯತ್ಯಾಸ ಇದು. ಧೈರ್ಯದ್ದೂ ಅಲ್ಲ, ಮೈಗಳ್ಳತನದ್ದೂ ಅಲ್ಲ.

ನಮ್ಮ ಹುಡುಗರಿಗೆ ಬಿಸಿಲು ಹೊಸದಾ ಎಂದು ಹಲವರು ಕೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಜಪಾನಿನ ಶರೀರಶಾಸ್ತ್ರಜ್ಞ ಯಾಸ್ ಕುನೋ, ಉಷ್ಣವಲಯದಲ್ಲಿ ಹುಟ್ಟಿ ಬೆಳೆದವರಲ್ಲಿ ಕೆಲಸ ಮಾಡುವ ಬೆವರು ಗ್ರಂಥಿಗಳ ಸಂಖ್ಯೆ ಹೆಚ್ಚು, ಅದು ನಿರ್ಧಾರವಾಗುವುದು ಬದುಕಿನ ಮೊದಲ ಎರಡು ಮೂರು ವರ್ಷಗಳಲ್ಲಿ ಎಂದು ತೋರಿಸಿದ್ದರು. ರಾಯಚೂರಿನ ಹುಡುಗನಿಗೆ ಯಂತ್ರಗಳ ಸಂಖ್ಯೆ ಚೆನ್ನಾಗಿಯೇ ಇದೆ. ಆದರೆ ಯಂತ್ರ ಇರುವುದು ಬೇರೆ, ಅದು ಈ ಹೊತ್ತು ಪಳಗಿರುವುದು ಬೇರೆ. ಪಳಗಿದ್ದು ಕೆಲವೇ ವಾರಗಳಲ್ಲಿ ಮಾಸಿ ಹೋಗುತ್ತದೆ. ಜುಲೈಯಲ್ಲಿ ಕುಂದಾಪುರದಿಂದ ಬರುವವನು ಜಡಿಮಳೆಯಲ್ಲಿ ಕಂಬಳಿ ಹೊದ್ದು ಮಲಗಿದ್ದವನು. ಊರಿಗೆ ಒಂದು ತಿಂಗಳ ರಜೆ ಹೋಗಿ ಬಂದ ಹತ್ತು ವರ್ಷದ ಹಳಬನೂ ಆ ಮಟ್ಟಿಗೆ ಅರ್ಧ ಹೊಸಬನೇ.

ಇನ್ನು ಬೆವರು ತಂಪು ಮಾಡುವುದು ಹೇಗೆ? ಬೆವರು ಬಂದ ಮಾತ್ರಕ್ಕೆ ತಂಪಾಗುವುದಿಲ್ಲ, ಅದು ಆರಬೇಕು. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಹೊತ್ತೊಯ್ಯುತ್ತದೆ. ಗಂಟೆಗೆ ಒಂದು ಲೀಟರ್ ಎಂದರೆ ಸುಮಾರು 670 ವ್ಯಾಟ್, ನಮ್ಮ ಎ.ಸಿ. ಭಾಷೆಯಲ್ಲಿ ಒಂದು ಟನ್ನಿನ ಐದನೇ ಒಂದು ಭಾಗ. ಇನ್ನೊಂದು ಬದಿಯ ಲೆಕ್ಕ ನೋಡಿ. ಹೊರೆ ಹೊರುವಂಥ ಕೆಲಸದಲ್ಲಿ ದೇಹ ಸುಮಾರು 400 ವ್ಯಾಟ್ ಶಾಖ ಹುಟ್ಟಿಸುತ್ತದೆ. 70 ಕಿಲೋ ತೂಕದವನ ಮೈಯ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 245 ಕಿಲೋಜೌಲ್ ಸಾಕು. ಶಾಖ ಹೊರಹೋಗುವ ದಾರಿಯೆಲ್ಲ ಮುಚ್ಚಿದರೆ ಗಂಟೆಗೆ ಐದು ಡಿಗ್ರಿಗೂ ಮಿಕ್ಕಿ ಏರಬೇಕು. 37ರಿಂದ 40 ದಾಟಿದರೆ ಪ್ರಾಣಕ್ಕೆ ಅಪಾಯ. ಗಾಳಿಯ ಉಷ್ಣತೆ ಚರ್ಮದ 35 ಡಿಗ್ರಿಯನ್ನು ದಾಟಿದ ಮೇಲೆ ಗಾಳಿಯೇ ನಮ್ಮನ್ನು ಕಾಯಿಸಲು ಶುರು ಮಾಡುತ್ತದೆ. ಆಗ ಉಳಿಯುವ ಒಂದೇ ದಾರಿ ಬೆವರು ಆರುವುದು. ಊರಿನ ಎಮ್ಮೆಗಳಿಗೆ ಬೆವರು ಗ್ರಂಥಿ ಕಡಿಮೆ, ಅದಕ್ಕೇ ಮಧ್ಯಾಹ್ನ ಕೆರೆಗೆ ಇಳಿದು ಕೂರುತ್ತವೆ. ಸ್ಕ್ಯಾಫೋಲ್ಡಿಂಗ್ ಮೇಲೆ ನಿಂತವನಿಗೆ ಕೆರೆ ಇಲ್ಲ.

ಗಾಳಿ ನೀರಿನಿಂದ ತುಂಬಿದ್ದರೆ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಬರೀ ಖರ್ಚು. ನೀರು ಹೋಯಿತು, ಉಪ್ಪು ಹೋಯಿತು, ತಂಪು ಬರಲಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು ತೋರಿಸುವ ಉಷ್ಣತೆ, ಅಂದರೆ ವೆಟ್ ಬಲ್ಬ್, 35 ಡಿಗ್ರಿ ಮುಟ್ಟಿದರೆ ಎಷ್ಟೇ ಬೆವರಿದರೂ ಮೈ ತಂಪಾಗದು ಎಂಬುದು ಸಿದ್ಧಾಂತದ ಮಿತಿ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ ಯುವತಿಯರನ್ನೇ ಪರೀಕ್ಷಿಸಿ 2022ರಲ್ಲಿ ಹೇಳಿದ್ದು, ನಿಜವಾದ ಮಿತಿ ಸುಮಾರು 31 ಡಿಗ್ರಿಯ ಹತ್ತಿರವೇ ಇದೆ ಎಂದು. ನಮ್ಮದೇ ರಾಸ್ ಅಲ್ ಖೈಮಾದಲ್ಲಿ ಆ 35ರ ಗೆರೆಯನ್ನು ಅಲ್ಪ ಹೊತ್ತು ದಾಟಿದ ದಾಖಲೆ ಇದೆ.

ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಒಳ್ಳೆಯ ಕಾನೂನು. ಆದರೆ ಅದು ಸೂರ್ಯನನ್ನು ನೋಡುವ ಕಾನೂನು, ಕರಾವಳಿಯ ತೇವವನ್ನು ಅಲ್ಲ. ಸಮುದ್ರದ ಬದಿಯಲ್ಲಿ ಆಗಸ್ಟ್ ತಿಂಗಳ ಬೆಳಗಿನ ಆರು ಗಂಟೆಗೆ ಕನ್ನಡಕ ಮಂಜಾಗುವುದು ನಿಮಗೆಲ್ಲ ಗೊತ್ತು. ಕತಾರಿನಲ್ಲಿ 2021ರಿಂದ ಇನ್ನೊಂದು ನಿಯಮವಿದೆ: ಬಿಸಿಲು, ತೇವ, ಗಾಳಿ ಎಲ್ಲವನ್ನೂ ಸೇರಿಸಿ ಅಳೆಯುವ ಸೂಚ್ಯಂಕ 32.1 ಡಿಗ್ರಿ ದಾಟಿದರೆ ಗಂಟೆ ಎಷ್ಟೇ ಇರಲಿ, ಹೊರಗಿನ ಕೆಲಸ ನಿಲ್ಲಬೇಕು. ನನಗೆ ಅದು ಹೆಚ್ಚು ಸರಿಯೆನಿಸುತ್ತದೆ. ಆ ಸೂಚ್ಯಂಕದಲ್ಲಿ ಒದ್ದೆ ಬಟ್ಟೆಯ ಥರ್ಮಾಮೀಟರಿಗೆ ಶೇಕಡಾ 70ರಷ್ಟು ತೂಕ ಕೊಡುತ್ತಾರೆ, ಬರಿಯ ಗಾಳಿಯ ಉಷ್ಣತೆಗೆ ಕೇವಲ ಶೇಕಡಾ 10.

ಬೆವರುಸಾಲೆಯನ್ನು ನಾವು ಮಕ್ಕಳ ಪೌಡರಿನ ವಿಷಯ ಎಂದುಕೊಂಡಿದ್ದೇವೆ. ಅದು ಬೆವರು ಕೊಳವೆಯ ಬಾಯಿ ಕಟ್ಟಿ, ಬೆವರು ಚರ್ಮದ ಒಳಗೇ ಸೋರಿ ಆಗುವ ಉರಿ. ಬೆನ್ನು, ಎದೆ ತುಂಬ ಎದ್ದರೆ ಅಷ್ಟು ಜಾಗದ ತಂಪುಯಂತ್ರ ಬಂದ್ ಎಂದು ಅರ್ಥ. ಗುಳ್ಳೆ ಮಾಯವಾದ ಮೇಲೂ ಗ್ರಂಥಿ ಸರಿಹೋಗಲು ವಾರಗಳು ಬೇಕಾಗಬಹುದು. ಅಂಥವನನ್ನು ಸ್ವಲ್ಪ ದಿನ ನೆರಳಿನ ಕೆಲಸಕ್ಕೆ ಹಾಕಿ.

ಬೆವರಿನಿಂದ ದೇಹದ ವಿಷವೆಲ್ಲ ಹೊರಹೋಗುತ್ತದೆ ಎಂದು ಹೇಳಿ ಸ್ಟೀಮ್ ಬಾತ್ ಪ್ಯಾಕೇಜು ಮಾರುವವರ ಬಗ್ಗೆ ಒಂದೇ ಮಾತು: ಆ ಕೆಲಸಕ್ಕೆ ಮೂತ್ರಪಿಂಡ, ಯಕೃತ್ತು ಇವೆ. ಬೆವರು ಎಂದರೆ ಬಹುತೇಕ ನೀರು ಮತ್ತು ಉಪ್ಪು.

ಹೋದದ್ದನ್ನು ತುಂಬುವುದು ಹೇಗೆ? ಬಾಯಾರಿಕೆಗೆ ಕಾಯದೆ 15-20 ನಿಮಿಷಕ್ಕೆ ಒಂದು ಲೋಟ ನೀರು. ಗಂಟೆಗೆ ಒಂದೂವರೆ ಲೀಟರಿಗಿಂತ ಹೆಚ್ಚು ಬೇಡ. ಬೆವರಿದ್ದಕ್ಕೆಲ್ಲ ಬರೀ ನೀರನ್ನೇ ಸುರಿದರೆ ರಕ್ತದ ಸೋಡಿಯಂ ಇಳಿದು ಅದೇ ಒಂದು ಅಪಾಯ. ಹೊಟ್ಟೆ ತುಂಬ ಊಟ ಮಾಡಿದರೆ ಉಪ್ಪು ಸಾಮಾನ್ಯವಾಗಿ ಊಟದಿಂದಲೇ ಸಿಗುತ್ತದೆ. ಗೋಳು ಇರುವುದು ಬೆಳಿಗ್ಗೆ ನಾಲ್ಕಕ್ಕೆ ಎದ್ದು, ತಿಂಡಿ ತಿನ್ನದೆ ಬಸ್ ಹತ್ತುವವರದ್ದು. ಉಪ್ಪು ಹಾಕಿದ ನೀರುಮಜ್ಜಿಗೆ, ಕುಚ್ಚಲಕ್ಕಿ ಗಂಜಿಗೆ ಒಂದು ಉಪ್ಪಿನಕಾಯಿ ಹೋಳು: ನಮ್ಮ ಗದ್ದೆ ಕೆಲಸದವರು ಆಲ್ಡೊಸ್ಟಿರೋನ್ ಹೆಸರು ಕೇಳದೆಯೇ ಮಾಡಿಕೊಂಡ ಏರ್ಪಾಡು ಇದು. ಬಿ.ಪಿ. ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಉಪ್ಪು ಹೆಚ್ಚಿಸಬೇಕು. ಇನ್ನೊಂದು ತಪ್ಪು ತಿಳಿವಳಿಕೆ, ಬೆವರು ನಿಂತು ಮೈ ಒಣಗಿದರೆ ಮಾತ್ರ ಹೀಟ್ ಸ್ಟ್ರೋಕ್ ಎಂಬುದು. ದುಡಿಯುತ್ತಿರುವಾಗ ಕುಸಿಯುವವನು ಇನ್ನೂ ಬೆವರುತ್ತಲೇ ಇರಬಹುದು. ಮಾತು ತೊದಲಿತೇ, ದಿಕ್ಕು ತಪ್ಪಿದಂತೆ ಆಡುತ್ತಿದ್ದಾನೆಯೇ ನೋಡಿ. ಹಾಗಿದ್ದರೆ 998ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈಮೇಲೆ ತಣ್ಣೀರು ಸುರಿಯುತ್ತಲೇ ಇರಿ, ಗಾಳಿ ಹಾಕಿ.

ಕೊನೆಗೆ ನನ್ನ ಕಸುಬಿನ ಮಾತು. ಬಿಸಿಲಿನಿಂದ ಹೊರಾಂಗಣದಲ್ಲಿ ಸಾಯುವ ಕಾರ್ಮಿಕರಲ್ಲಿ ಶೇಕಡಾ 50ರಿಂದ 70ರಷ್ಟು ಮಂದಿ ಸಾಯುವುದು ಕೆಲಸದ ಮೊದಲ ಕೆಲವೇ ದಿನಗಳಲ್ಲಿ ಎಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ ಹೇಳುತ್ತದೆ. ಇದಕ್ಕೆ ಅಲ್ಲಿಯದೇ ಇನ್ನೊಂದು ಸಂಸ್ಥೆ ನಿಯೋಶ್ ಕೊಡುವ ವೇಳಾಪಟ್ಟಿ ಸರಳವಾಗಿದೆ. ಹೊಸಬನಿಗೆ ಮೊದಲ ದಿನ ಬಿಸಿಯಲ್ಲಿ ಮಾಮೂಲು ಕೆಲಸದ ಶೇಕಡಾ 20 ಮಾತ್ರ, ಆಮೇಲೆ ದಿನಕ್ಕೆ 20ರಂತೆ ಏರಿಸುತ್ತಾ ಐದನೇ ದಿನ ಪೂರ್ತಿ. ರಜೆ ಮುಗಿಸಿ ಬಂದ ಅನುಭವಿಗೆ 50, 60, 80, ನಾಲ್ಕನೇ ದಿನ 100.

ಈ ಸಭೆಯಲ್ಲಿ ಸ್ವಂತ ಕಂಪನಿ ನಡೆಸುವವರಿದ್ದೀರಿ, ಎಚ್.ಆರ್. ನೋಡುವವರಿದ್ದೀರಿ, ಸೈಟ್ ಎಂಜಿನಿಯರುಗಳಿದ್ದೀರಿ. ಇದು ನಮಗೆ ಕಟ್ಟುವುದಿಲ್ಲ ಎಂದು ನನ್ನ ಮುಂದೆ ಹೇಳಿದವರೂ ಇದ್ದಾರೆ. ಕೂಡಿಸಿ ನೋಡೋಣ. ಮೊದಲ ನಾಲ್ಕು ದಿನ ಕೈಬಿಟ್ಟ ಕೆಲಸ 80, 60, 40, 20. ಒಟ್ಟು 200. ಅಂದರೆ ಒಬ್ಬ ಹೊಸಬನಿಗೆ ಎರಡು ದಿನದ ಸಂಬಳ. ರಜೆಯಿಂದ ಮರಳಿದವನಿಗೆ 50, 40, 20, ಒಟ್ಟು 110. ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ಅವನ ವೀಸಾ, ಟಿಕೆಟ್, ಮೆಡಿಕಲ್, ಇನ್ಶೂರೆನ್ಸ್ ಖರ್ಚಿನ ಪಕ್ಕದಲ್ಲಿ ಈ ಮೊತ್ತ ಕಣ್ಣಿಗೇ ಬೀಳುವುದಿಲ್ಲ. ಆ ಎರಡು ದಿನವೂ ವ್ಯರ್ಥವಲ್ಲ. ಸೇಫ್ಟಿ ತರಬೇತಿ, ಸ್ಟೋರಿನ ಕೆಲಸ, ಬ್ಯಾಂಕ್ ಖಾತೆ ತೆರೆಸುವುದು, ಹೇಗಿದ್ದರೂ ಮಾಡಿಸಬೇಕಾದ ಕೆಲಸಗಳು. ಅವನ್ನು ಎರಡನೇ ವಾರಕ್ಕೆ ಬದಲು ಮೊದಲ ವಾರಕ್ಕೆ ತನ್ನಿ, ಅಷ್ಟೇ. ಲೇಬರ್ ಸಪ್ಲೈ ಮೂಲಕ ದಿನಗೂಲಿಗೆ ಬರುವವರ ವಿಷಯ ಕಷ್ಟ, ಅವರಿಗೆ ಸಂಬಳ ಕೊಡುವವರೇ ಬೇರೆ. ಅಲ್ಲಿ ಗುತ್ತಿಗೆ ಪತ್ರದಲ್ಲಿಯೇ ಈ ನಾಲ್ಕು ದಿನದ ಶರತ್ತು ಬರೆಸಿಕೊಳ್ಳಬೇಕು.

ಹೊಸಬರ ಹೆಸರು, ಬಂದ ತಾರೀಕು ತುಂಬಿದರೆ ಯಾರು ಯಾವ ದಿನ ಎಷ್ಟು ಗಂಟೆ ಹೊರಗಿರಬಹುದು ಎಂದು ತೋರಿಸುವ ಒಂದು ಎಕ್ಸೆಲ್ ಹಾಳೆಯನ್ನು ಮಾಡಿಟ್ಟಿದ್ದೇನೆ. ಬೇಕಾದವರು ಚಹಾ ವಿರಾಮದಲ್ಲಿ ಸಿಗಿ, ವಾಟ್ಸಾಪಿನಲ್ಲಿ ಕಳಿಸುತ್ತೇನೆ.